ದಿವಂಗತ ಲೆಫ್ಟ್ ಔಟ್

ಫುಟ್‌ಬಾಲನ್ನು ಹನ್ನೊಂದು ಜನ ಆಡುತ್ತಾರೆ ಎಂಬುದು ನಮ್ಮ ಸಂಘದ ಕಾರ್ಯದರ್ಶಿ ಸೇತುರಾಮನಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಿಗೆ ಏನೂ ಗೊತ್ತಿರಲಿಲ್ಲ. ಆದರೂ ಅವನೇ ಕಾರ್ಯದರ್ಶಿ, ಏಕೆಂದರೆ ಚೆಂಡಿಗೆ ಗಾಳಿ ತುಂಬುವ ಪಂಪು ಇದ್ದದ್ದು ಅವನ ಮನೆಯಲ್ಲಿ. ಅಧ್ಯಕ್ಷರಾದ ಗಂಗಾಧರಯ್ಯನವರಿಗೆ ಅಷ್ಟೂ ಗೊತ್ತಿರಲಿಲ್ಲ. ಆದರೆ ಅವರು ಬಸವನಗುಡಿ ಬಿಟ್ಟು ಜಯನಗರದಲ್ಲಿ ಹೊಸದಾಗಿ ಕಟ್ಟಿಸಿದ ಮನೆಗೆ ಜಗಲಿ ಇತ್ತು, ಸಭೆ ಸೇರುವುದಕ್ಕೆ ಜಗಲಿ ಬೇಕಿತ್ತು. ಆಟ ಗೊತ್ತಿದ್ದವನು ನಾನೊಬ್ಬ. ನನಗೆ ಪಂಪೂ ಇಲ್ಲ, ಜಗಲಿಯೂ ಇಲ್ಲ. ಶಾಲೆಯನ್ನು ಅರ್ಧಕ್ಕೇ ಬಿಟ್ಟು ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದೆ. ಹಾಗಾಗಿ ಸಭೆಯಲ್ಲಿ ನನ್ನ ಮಾತಿಗೆ ಸಿಗುತ್ತಿದ್ದ ಬೆಲೆ ಏನೆಂದು ನೀವೇ ಊಹಿಸಿಕೊಳ್ಳಿ.

ನಮ್ಮ ಲೆಫ್ಟ್ ಔಟ್‌ಗೆ ತುಮಕೂರಿಗೆ ವರ್ಗವಾಗಿತ್ತು. ಎಡಗಡೆಯ ಗೆರೆಯ ಪಕ್ಕದಲ್ಲೇ ಓಡಿಹೋಗಿ ಚೆಂಡನ್ನು ನಡುವಿಗೆ ಎತ್ತಿಕೊಡುವವನು ಲೆಫ್ಟ್ ಔಟ್. ಅವನು ಕೊಟ್ಟರೆ ಗೋಲಿನ ಮುಂದೆ ನಿಂತ ನಾನು ಹೊಡೆಯುತ್ತೇನೆ. ಕೊಡದಿದ್ದರೆ ಕಡುಬು ಕಾಯುವ ಗಣಪನ ಹಾಗೆ ನಿಂತಿರುತ್ತೇನೆ. ಕತ್ರಿಗುಪ್ಪೆಯವರ ಮೇಲೆ ಕಪ್ಪಿನ ಫೈನಲ್ ಮ್ಯಾಚು ಹತ್ತಿರ ಬಂದಿತ್ತು.

ಇಂಥ ಸಮಯದಲ್ಲಿ ನಮ್ಮ ಸೇತುರಾಮ ಕತ್ರಿಗುಪ್ಪೆಯ ಹೋಟೆಲಿಗೆ ಉಪ್ಪಿಟ್ಟು ತಿನ್ನಲು ಹೋದ. ಅವರ ಟೀಮಿನ ಹುಡುಗರು ಬಿಡುತ್ತಾರೆಯೇ? "ಏನ್ ಸಾರ್, ಎಡಗಡೆ ಬಾಗ್ಲು ತೆಕ್ಕೊಂಡೇ ಮ್ಯಾಚಿಗೆ ಬರ್ತೀರಂತೆ?" ಎಂದರು. ಸೇತುರಾಮ ಕಾಫಿ ಲೋಟ ಕೆಳಗಿಟ್ಟು, "ನಮ್ಮ ಹೊಸ ಲೆಫ್ಟ್ ಔಟ್ ಬರ್ಲಿ, ನೀವಾಗೇ ಪಕ್ಕಕ್ಕೆ ಸರಿದು ದಾರಿ ಬಿಡ್ತೀರಿ" ಎಂದುಬಿಟ್ಟ.

ಹೊಸ ಲೆಫ್ಟ್ ಔಟ್ ಎಂಬುವನು ಆಗ ಹುಟ್ಟಿಯೇ ಇರಲಿಲ್ಲ ಎಂದು ಬರೆಯಲು ಹೊರಟಿದ್ದೆ. ತಪ್ಪಾಗುತ್ತದೆ. ಹುಟ್ಟಿದ್ದ. ಸತ್ತೂ ಇದ್ದ.

ಸಂಜೆ ಜಗಲಿಯಲ್ಲಿ ಸಭೆ.

"ಇಷ್ಟಕ್ಕೆಲ್ಲ ತಲೆ ಯಾಕಯ್ಯಾ ಕೆಡಿಸ್ಕೋತೀರಿ? ನಮ್ಮ ಸೀನು ಇದಾನಲ್ಲ" ಎಂದರು ಗಂಗಾಧರಯ್ಯ. ಸೀನು ಅವರ ತಂಗಿ ಸತ್ಯಭಾಮಾ ಅವರ ಮಗ. "ದಂಡಿನ ಇಂಗ್ಲಿಷ್ ಅಂಗಡಿಯಿಂದ ಬೂಟ್ಸ್ ತರಿಸಿದೀವಿ. ಇಡೀ ಜಯನಗರದಲ್ಲಿ ಫುಟ್‌ಬಾಲ್ ಬೂಟ್ಸ್ ಇರೋನು ಅವನೊಬ್ಬನೇ."

"ಬೂಟ್ಸ್ ಓಡಲ್ಲ ಸಾರ್. ಕಾಲು ಓಡ್ಬೇಕು" ಎಂದೆ ನಾನು.

ಬಾಗಿಲ ಹಿಂದಿನಿಂದ ಸತ್ಯಭಾಮಾ ಅವರ ತಲೆ ಹೊರಗೆ ಬಂತು. "ಯಾಕಪ್ಪಾ ಸೋಮ, ನಮ್ಮ ಸೀನು ಕಾಲಿಗೇನಾಗಿದೆ? ದಿನಾ ಹರಳೆಣ್ಣೆ ಹಚ್ಚಿ ತಿಕ್ತಾ ಇದೀನಿ."

ಸೀನು ಮೂಲೆಯಲ್ಲಿ ಕುಳಿತು, ಬೂಟುಗಳನ್ನು ಬಾಣಂತಿ ಮಗುವನ್ನು ಮಲಗಿಸಿಕೊಂಡ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದ. ಹಿಂದಿನ ವಾರ ಅಭ್ಯಾಸದಲ್ಲಿ ಅವನು ಒದ್ದದ್ದು ಒಂದೇ ಸಲ. ಚೆಂಡು ಅಲ್ಲೇ ಉಳಿದು ಬಲಗಾಲಿನ ಬೂಟು ಗೋಲಿನೊಳಗೆ ಹೋಗಿತ್ತು. ಗೋಲು ಕೊಡಬೇಕೋ ಬೇಡವೋ ಎಂದು ಗಂಗಾಧರಯ್ಯ ಅರ್ಧ ಗಂಟೆ ವಾದ ಮಾಡಿದ್ದರು.

"ಇನ್ನೊಬ್ಬನನ್ನ ಹುಡುಕ್ತೀನಿ ಸಾರ್" ಎಂದು ಸೇತುರಾಮ ಸೈಕಲ್ ಹತ್ತಿದ. ಹೋಟೆಲಿನಲ್ಲಿ ಆಡಿದ ಮಾತು ಅವನ ಹೊಟ್ಟೆಯಲ್ಲಿ ಉಪ್ಪಿಟ್ಟಿನ ಜೊತೆ ಇನ್ನೂ ಜೀರ್ಣವಾಗಿರಲಿಲ್ಲ.

ಜಯನಗರ ಆಗ ರಸ್ತೆಗಳ ಊರು, ಮನೆಗಳ ಊರಲ್ಲ. ಟಾರು ರಸ್ತೆ ನೇರವಾಗಿ ಹೋಗಿ ಹೋಗಿ ಲಂಟಾನದ ಪೊದೆಯೊಳಗೆ ಮುಗಿದುಬಿಡುತ್ತಿತ್ತು. ಬೀದಿದೀಪಗಳು ಸಂಜೆಗೆ ಸರಿಯಾಗಿ ಹತ್ತಿಕೊಂಡು ಸೈಟಿನ ಗಡಿಕಲ್ಲುಗಳಿಗೆ ಬೆಳಕು ಕೊಡುತ್ತಿದ್ದವು. ನಡೆಯುವವರಿಲ್ಲದ ರಸ್ತೆಯಲ್ಲಿ ನಡೆದರೆ ಹಿಂದಿನಿಂದ ಯಾರೋ ಬಂದ ಹಾಗೆ ಕೇಳುತ್ತಿತ್ತು; ತಿರುಗಿ ನೋಡಿದರೆ ದೀಪದ ಕಂಬ. ಚಿಕ್ಕಲಸಂದ್ರದ ಆಚೆ ಮುದ್ದಯ್ಯನಪಾಳ್ಯವೆಂಬ ಕೈಬೆರಳಲ್ಲಿ ಎಣಿಸುವಷ್ಟು ಮನೆಗಳ ಹಳ್ಳಿ. ಅದರ ಪಕ್ಕ ಬತ್ತಿದ ಕೆರೆ. ಆ ಕೆರೆಯ ಏರಿಯ ಮೇಲೆ ಸೇತುರಾಮ ಸೈಕಲ್ ನಿಲ್ಲಿಸಿದ.

ಕೆರೆಯ ಅಂಗಳದಲ್ಲಿ ಒಬ್ಬನೇ ಒಬ್ಬ ಚೆಂಡು ಆಡುತ್ತಿದ್ದ. ಬರಿಗಾಲು. ಚೆಂಡು ಅವನ ಕಾಲನ್ನು ಬಿಟ್ಟು ಗೇಣು ದೂರವೂ ಹೋಗುತ್ತಿರಲಿಲ್ಲ. ಬಿರಿದ ಮಣ್ಣಿನ ಮೇಲೆ ಅವನು ಓಡುವುದು ಕಾಣುತ್ತಿತ್ತು, ಸದ್ದು ಮಾತ್ರ ಕೇಳುತ್ತಿರಲಿಲ್ಲ. ಒಂದು ನಾಯಿ ಅವನ ಹಿಂದೆ ಮುಂದೆ ಓಡುತ್ತಿತ್ತು, ಅದೂ ಬೊಗಳುತ್ತಿರಲಿಲ್ಲ.

ಸೌದೆ ಹೊತ್ತ ಹೆಂಗಸೊಬ್ಬಳು ಏರಿಯ ಮೇಲೆ ಬಂದಳು. ಸೇತುರಾಮ ಕೇಳಿದ: "ಅಮ್ಮಾ, ಅಲ್ಲಿ ಆಡ್ತಾ ಇರೋರು ಯಾರು?"

ಅವಳು ಕೆರೆಯ ಕಡೆ ನೋಡಿದಳು. ಸೇತುರಾಮನನ್ನು ನೋಡಿದಳು. "ಎಲ್ಲಿ ಬುದ್ದಿ? ಅಲ್ಯಾರವ್ರೆ?"

ಅಷ್ಟು ಹೊತ್ತಿಗೆ ಚೆಂಡು ಉರುಳಿ ಏರಿಗೆ ಬಂತು, ಅದರ ಹಿಂದೆಯೇ ಅವನೂ ಬಂದ. ಹೆಂಗಸು ಪಕ್ಕಕ್ಕೆ ಸರಿದು, ಸೆರಗು ಹಿಡಿದುಕೊಂಡು, ಧೂಳಿನ ಗಾಳಿ ದಾಟಲಿ ಎಂದು ನಿಲ್ಲುವ ಹಾಗೆ ನಿಂತಳು. ಅವನು ಚೆಂಡು ಎತ್ತಿಕೊಂಡು ಹೋದ ಮೇಲೆ ಮುಂದೆ ನಡೆದಳು.

ಸೇತುರಾಮ ಸೈಕಲ್ ಹತ್ತುವುದನ್ನು ಮರೆತು, ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಓಡಿಬಂದ.

ಜಗಲಿಯಲ್ಲಿ ಅವನಿಗೆ ನೀರು ಕುಡಿಸಿ, ವಿಭೂತಿ ಇಟ್ಟು, ವಿಷಯ ಕೇಳಿದ ಮೇಲೆ ಗಂಗಾಧರಯ್ಯನವರು ಕನ್ನಡಕ ತೆಗೆದರು. "ಅಂದ್ರೆ ದೆವ್ವ ಅನ್ನು."

"ದೆವ್ವಾನೇ ಸಾರ್."

"ಆಟ ಹೆಂಗಿತ್ತು?" ಎಂದು ನಾನು ಕೇಳಿದೆ. ಅಷ್ಟು ಜನರಲ್ಲಿ ಕೇಳಬೇಕಾದ್ದನ್ನು ಕೇಳಿದವನು ನಾನೊಬ್ಬನೇ.

"ಆಟಾನಾ? ಬೆಲ್ಲಕ್ಕೆ ಇರುವೆ ಅಂಟಿದಂಗೆ ಚೆಂಡು ಕಾಲಿಗೆ ಅಂಟಿತ್ತು ಕಣೋ."

"ಹಂಗಾದ್ರೆ ಅವನನ್ನೇ ತಗೊಳ್ಳೋಣ."

ಗಂಗಾಧರಯ್ಯ ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ದೆವ್ವವನ್ನ ಟೀಮಿಗೆ ಸೇರಿಸ್ಕೊಳ್ಳೋಕೆ ರೂಲ್ಸಲ್ಲಿ ಅವಕಾಶ ಇದೆಯೇ?"

"ಬೇಡ ಅಂತ ಎಲ್ಲೂ ಹೇಳಿಲ್ಲ ಸಾರ್" ಎಂದೆ ನಾನು.

"ಬೂಟ್ಸ್ ಹಾಕಿತ್ತಾ?" ಬಾಗಿಲಿನಿಂದ ಸತ್ಯಭಾಮಾ ಅವರ ಪ್ರಶ್ನೆ.

"ಬರಿಗಾಲು ಅಮ್ಮಾ."

"ಪಾದ ಮುಂದಕ್ಕಿತ್ತೋ, ಹಿಂದಕ್ಕಿತ್ತೋ?"

"ಅಷ್ಟೊತ್ತು ನಾನು ಅಲ್ಲಿ ನಿಂತಿರ್ಲಿಲ್ಲ."

"ಹಿಂದಕ್ಕಿದ್ರೆ ನಮ್ಮ ಗೋಲಿಗೇ ಹೊಡೆಯತ್ತೆ, ಈಗ್ಲೇ ಹೇಳಿದೀನಿ."

ಈ ಮಾತಿಗೆ ಸಭೆಯಲ್ಲಿ ಭಾರಿ ತೂಕ ಬಂತು. ಪಾದಗಳ ದಿಕ್ಕನ್ನು ಪರೀಕ್ಷಿಸಿ ವರದಿ ಮಾಡಬೇಕೆಂದು ತೀರ್ಮಾನವಾಯಿತು. ಸೇತುರಾಮ ಒಬ್ಬನೇ ಹೋಗಲು ಒಪ್ಪಲಿಲ್ಲ. ಹಾಗಾಗಿ ನನ್ನನ್ನೂ ಕಳಿಸಿದರು; ಹಿಟ್ಟಿನ ಗಿರಣಿಯವನಿಗೆ ದೆವ್ವ ಹಿಡಿದರೆ ಸಂಘಕ್ಕೆ ನಷ್ಟವಿಲ್ಲವಲ್ಲ.

ಮಟಮಟ ಮಧ್ಯಾಹ್ನ ಹೋದೆವು. ಮುದ್ದಯ್ಯನಪಾಳ್ಯದಲ್ಲಿ ಬಿಸಿಲು ಬಿಟ್ಟರೆ ಏನೂ ಅಲ್ಲಾಡುತ್ತಿರಲಿಲ್ಲ. ಮೊದಲನೇ ಮನೆಯ ಜಗಲಿಯಲ್ಲಿ ತಿಮ್ಮರಾಯಪ್ಪ ಎಂಬ ನಡುವಯಸ್ಸಿನ ಮನುಷ್ಯ ಹಗ್ಗ ಹೊಸೆಯುತ್ತಿದ್ದ. ಊರಿಗೆ ಅವನೇ ಯಜಮಾನ.

"ಸಂಜೆ ಕೆರೇಲಿ ಚೆಂಡಾಡೋರು ಯಾರಣ್ಣ?" ಎಂದು ನಾನು ಕೇಳಿದೆ.

"ಅವ್ನಾ? ನನ್ ತಮ್ಮ, ಚಿಕ್ಕಬೈರಪ್ಪ. ಸತ್ತೋಗವ್ನೆ." ತಿಮ್ಮರಾಯಪ್ಪ ಹಗ್ಗದಿಂದ ತಲೆ ಎತ್ತಲಿಲ್ಲ. "ಅಗೋ, ಬೇವಿನ ಮರದ ಕೆಳಗೆ ಕುಂತವ್ನೆ."

ಕುಳಿತಿದ್ದ. ನಾಯಿಯ ಕಿವಿ ತುರಿಸುತ್ತ ಕುಳಿತಿದ್ದ. ಪಾದಗಳು ಮುಂದಕ್ಕೇ ಇದ್ದವು.

ಸೇತುರಾಮ ನನ್ನ ಬೆನ್ನ ಹಿಂದೆ ಸರಿದ, ಆದ್ದರಿಂದ ಮಾತು ನನ್ನದೇ ಆಯಿತು. "ಕುಂತಿರೋನು ಸತ್ತಿರೋದು ಹೆಂಗಣ್ಣ?"

ತಿಮ್ಮರಾಯಪ್ಪ ಸಾವಧಾನವಾಗಿ ತಿಳಿಸಿಕೊಟ್ಟ. ತಮ್ಮ ಹುಡುಗನಾಗಿದ್ದಾಗಲೇ ಕೋಲಾರದ ಚಿನ್ನದ ಗಣಿಗೆ ಓಡಿಹೋದ. ಸುದ್ದಿ ಇಲ್ಲ, ಸಮಾಚಾರ ಇಲ್ಲ. ಹನ್ನೆರಡು ವರ್ಷ ಕಾದರು, ಅದು ಶಾಸ್ತ್ರ. ಆಮೇಲೆ ರಾಗಿಹಿಟ್ಟಿನಲ್ಲಿ ಬೊಂಬೆ ಮಾಡಿ, ಅದಕ್ಕೆ ಅವನ ಹಳೇ ಅಂಗಿ ತೊಡಿಸಿ, ಕೆರೆಯ ಪಕ್ಕ ಮಣ್ಣು ಮಾಡಿದರು. ಹಾಲುತುಪ್ಪ ಬಿಟ್ಟರು. ತಿಥಿ ಮಾಡಿ ಊರಿಗೆಲ್ಲ ಊಟ ಹಾಕಿದರು. ಎಲ್ಲ ಮುಗಿದು ವರ್ಷ ತುಂಬುವುದರೊಳಗೆ, ಒಂದು ಸಂಜೆ ಅವನು ಕಂಕುಳಲ್ಲಿ ಫುಟ್‌ಬಾಲ್ ಇಟ್ಟುಕೊಂಡು ಊರೊಳಗೆ ನಡೆದು ಬಂದ.

"ಬಂದ್ರಲ್ಲ, ಒಳ್ಳೇದೇ ಆಯ್ತಲ್ಲ" ಎಂದ ಸೇತುರಾಮ.

"ಏನ್ ಒಳ್ಳೇದಾಯ್ತು? ತಿಥಿ ಉಂಡು ಕೈ ತೊಳ್ದ ಊರೋರ್ಗೆ ನಾನೇನ್ ಯೋಳ್ಲಿ? ಹಾಲುತುಪ್ಪ ಬಿಟ್ಟೋನ್ನ ನೋಡಂಗಿಲ್ಲ, ಮಾತಾಡ್ಸಂಗಿಲ್ಲ, ಮುಟ್ಟಂಗಿಲ್ಲ. ಮುಟ್ದೋನೂ ಅವ್ನ ಕಡೆಗೇ ಸೇರ್ದಂಗೆ."

"ಇದಕ್ಕೆ ಪರಿಹಾರ ಇಲ್ವಾ?"

"ಐತೆ. ತೊಟ್ಲಿಗೆ ಹಾಕಿ, ಹೊಸ್ದಾಗಿ ಹೆಸ್ರಿಟ್ಟು, ಮನೆ ಹಿರೀಕ ಮೂರು ಸಲ ಕೂಗಿ ಕರೀಬೇಕು."

"ಹಿರೀಕ ಅಂದ್ರೆ ನೀವೇ ಅಲ್ವಾ?"

"ಔದು. ಆದ್ರೆ ಆಗ ಆಸಾಡ ಬಂತು. ಆಮ್ಯಾಕೆ ಪಿತೃಪಕ್ಷ ಬಂತು. ಆಮ್ಯಾಕೆ ಸೂನ್ಯಮಾಸ ಬಂತು. ಈಗ ಮತ್ತೆ ಆಸಾಡ ಬತ್ತಾ ಐತೆ." ಅವನು ಹಗ್ಗವನ್ನು ಜಗ್ಗಿ ನೋಡಿದ. ತಾನೇ ಉಳುತ್ತಿದ್ದ ತಮ್ಮನ ಪಾಲಿನ ಹೊಲದಲ್ಲಿ ಹೋದ ಸುಗ್ಗಿಗೆ ರಾಗಿ ಚೆನ್ನಾಗಿ ಬಂದಿತ್ತು ಎಂಬುದನ್ನು ಅವನು ಹೇಳಲಿಲ್ಲ. ಆ ಹೊಲದ ಬಣವೆಯನ್ನು ನಾವು ಬರುವಾಗಲೇ ನೋಡಿದ್ದೆವು.

ಆಗ ಮನೆಯೊಳಗಿಂದ ಮುದುಕಿಯೊಬ್ಬಳು ಬಂದಳು. ಇವರ ತಾಯಿ ಅಕ್ಕಯಮ್ಮ. ಬೇವಿನ ಮರದ ಕಡೆ ಬೆನ್ನು ಮಾಡಿ, ಮೋಟು ಗೋಡೆಯ ಮೇಲೆ ಮುದ್ದೆಯನ್ನೂ ಸಾರಿನ ಬಟ್ಟಲನ್ನೂ ಇಟ್ಟಳು.

"ಕಾಗೆಗೆ" ಎಂದಳು, ನಾವು ಕೇಳದಿದ್ದರೂ. ಆಮೇಲೆ ಗಾಳಿಗೆ ಹೇಳಿದಳು: "ಸಾರು ಸುಡ್ತಾ ಐತೆ. ಕಾಗೆ ಊದ್ಕೊಂಡು ತಿನ್ಲಿ."

ಅವಳು ಒಳಗೆ ಹೋದ ಮೇಲೆ ಕಾಗೆ ಎದ್ದು ಬಂದು, ಕೈ ತೊಳೆದು, ಊದಿಕೊಂಡು ತಿಂದಿತು.

ಊಟವಾದ ಮೇಲೆ ಸೇತುರಾಮ ನನ್ನ ಬೆನ್ನ ಹಿಂದಿನಿಂದ ಮುಂದೆ ಬಂದು ಕೈ ಮುಗಿದ. "ದಿವಂಗತ ಚಿಕ್ಕಬೈರಪ್ಪನವರಿಗೆ ನಮಸ್ಕಾರ. ನಾವು ಜಯನಗರ ಫುಟ್‌ಬಾಲ್ ಸಂಘದಿಂದ ಬಂದಿದೀವಿ."

ಅವನು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. ಬಹಳ ಕಾಲ ನೆಲದಡಿಯಲ್ಲಿದ್ದವರ ಕಣ್ಣು, ಬಿಸಿಲಿಗೆ ಒಗ್ಗಿರಲಿಲ್ಲ. ಬಾಯಿ ತೆರೆದಾಗ ಮೊದಲು ಬಂದದ್ದು ಬರೀ ಗಾಳಿ, ಆಮೇಲೆ ಮಾತು.

"ಕತ್ರಿಗುಪ್ಪೆ ಟೀಮ್ನಾಗೆ ನಮ್ಮೂರ ಬೋರಣ್ಣ ಬ್ಯಾಕ್ ಆಡ್ತಾನಂತೆ, ನಿಜಾನಾ?"

"ರೈಟ್ ಬ್ಯಾಕ್. ಲೆಫ್ಟ್ ಔಟ್ ಎದುರಿಗೇ ನಿಲ್ಲೋನು ಅವನೇ" ಎಂದೆ ನಾನು.

"ಹಂಗಾರೆ ಬತ್ತೀನಿ. ನಂಗೆ ನಿಮ್ ಕಪ್ಪು ಬ್ಯಾಡ. ಚೆಂಡು ನನ್ ಕಾಲಾಗಿದ್ರೆ ಅವ್ನು ನನ್ ಮೇಲೆ ಬೀಳ್ಲೇಬೇಕಲ್ಲ? ಊರೆಲ್ಲ ನೋಡ್ತಿರ್ವಾಗ ಒಂದ್ ಸಲ ಬಿದ್ರೆ ಸಾಕು. ಸತ್ತೋನ್ ಮೇಲೆ ಯಾರಾದ್ರೂ ಬೀಳ್ತಾರಾ?"

ಸೇತುರಾಮ ಜಗಲಿಗೆ ಬಂದು "ಪಾದ ಮುಂದಕ್ಕಿದೆ, ಮುದ್ದೆ ತಿಂತಾರೆ" ಎಂದು ವರದಿ ಒಪ್ಪಿಸಿದ. ಗಂಗಾಧರಯ್ಯನವರಿಗೆ ಇಷ್ಟಕ್ಕೆ ಸಮಾಧಾನವಿಲ್ಲ. ಹಾಫ್ ಟೈಮಿನಲ್ಲಿ ಎಲ್ಲರಿಗೂ ನಿಂಬೆಹಣ್ಣಿನ ಹೋಳು ಕೊಡುತ್ತೇವಲ್ಲ, ಭೂತ ಪ್ರೇತಕ್ಕೆ ನಿಂಬೆಹಣ್ಣು ಆಗುವುದಿಲ್ಲವಲ್ಲ, ನಡುಮೈದಾನದಲ್ಲಿ ಮಾಯವಾದರೆ ಹತ್ತೇ ಜನ ಉಳಿಯುತ್ತಾರಲ್ಲ ಎಂದು ಅವರ ಆತಂಕ. ಮರುದಿನ ಅಭ್ಯಾಸಕ್ಕೆ ಬಂದವನ ಕೈಗೆ ಸತ್ಯಭಾಮಾ ಅವರೇ ಒಂದು ಹೋಳು ಕೊಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದರು. ಅವನು ಚೀಪಿದ. ಮುಖ ಹಿಂಡಿದ. ಮಾಯವಾಗಲಿಲ್ಲ.

"ಹುಳಿ" ಎಂದ.

ಆಮೇಲೆ ಅವನು ಆಡಿದ. ಮನೆಗಳಿಲ್ಲದ ರಸ್ತೆಯ ಕೊನೆಯಲ್ಲಿದ್ದ ನಮ್ಮ ಮೈದಾನದಲ್ಲಿ ಸಂಜೆಯ ಬೆಳಕು ಇಳಿಯುತ್ತಿದ್ದಾಗ ಅವನು ಎಡಗಡೆಯ ಗೆರೆಯ ಮೇಲೆ ಓಡಿದ್ದನ್ನು ನೋಡಿ ನನ್ನ ಮೈಮೇಲಿನ ಕೂದಲು ಎದ್ದು ನಿಂತವು. ಭಯಕ್ಕೋ, ಇಂಥ ಚೆಂಡು ನನಗೆ ಸಿಗುತ್ತದಲ್ಲ ಎಂಬ ಸಂತೋಷಕ್ಕೋ ತಿಳಿಯಲಿಲ್ಲ. ಜಗಲಿಗೆ ಬಂದು ಕೈ ಎತ್ತಿಸಿ ಮತ ಹಾಕಿಸಿದರು. ಅಧ್ಯಕ್ಷರದೂ ಸತ್ಯಭಾಮಾ ಅವರದೂ ಸೀನುವಿಗೆ. ನನ್ನದೂ ಸೇತುರಾಮನದೂ ಚಿಕ್ಕಬೈರಪ್ಪನಿಗೆ. ಸಮ ಸಮ ಆಗಿ ಎಲ್ಲರೂ ಮುಖ ಮುಖ ನೋಡುತ್ತಿದ್ದಾಗ ಮೂಲೆಯಿಂದ ಮೂರನೇ ಕೈ ಎದ್ದಿತು. ಸೀನು. ಬೋರಣ್ಣನ ಮೊಣಕಾಲನ್ನು ಅವನು ಹತ್ತಿರದಿಂದ ನೋಡಿದ್ದ.

"ಹೊಟ್ಟೇಲಿ ಹುಟ್ಟಿದ ಮಗ ಆಗಿ ದೆವ್ವಕ್ಕೆ ಓಟು ಹಾಕ್ತೀಯೇನೋ!" ಎಂದು ತಾಯಿ ಅತ್ತರು.

ಭಾನುವಾರ ಮೈದಾನದ ಸುತ್ತ ಜನ. ಒಂದು ಪಕ್ಕದಲ್ಲಿ ಮುದ್ದಯ್ಯನಪಾಳ್ಯವೇ ಬಂದು ಕುಳಿತಿತ್ತು: ತಮ್ಮೂರ ಬೋರಣ್ಣನ ಆಟ ನೋಡಲು. ಮುಂದೆ ತಿಮ್ಮರಾಯಪ್ಪ, ಹಿಂದೆ ಅಕ್ಕಯಮ್ಮ. ಬೋರಣ್ಣ ಕಲ್ಲು ಒಡೆಯುವ ಆಳು, ಬಾಗಿಲಿನಷ್ಟು ಅಗಲ. ಅವರ ಗೋಲು ಕಾಯುವ ಗೋಲಿ ಕತ್ರಿಗುಪ್ಪೆಯವನು, ಮುದ್ದಯ್ಯನಪಾಳ್ಯದ ಅಳಿಯ.

ಸೀಟಿ ಊದಿದ ಸ್ವಲ್ಪ ಹೊತ್ತಿಗೇ ಚೆಂಡು ಚಿಕ್ಕಬೈರಪ್ಪನ ಕಾಲಿಗೆ ಬಂತು. ಅವನು ನೇರವಾಗಿ ಬೋರಣ್ಣನ ಮೇಲೆಯೇ ಓಡಿದ. ಬೋರಣ್ಣ ಅವನತ್ತ ನೋಡದೆ, ಆಕಾಶದಲ್ಲಿ ಹದ್ದು ಹುಡುಕುವವನ ಹಾಗೆ ಮುಖ ಎತ್ತಿ, ಪಕ್ಕಕ್ಕೆ ಸರಿದ. ಹೋಟೆಲಿನಲ್ಲಿ ಕೆಣಕಿದ್ದ ಹುಡುಗರು ಸೇತುರಾಮನ ಕಡೆ ತಿರುಗಿ ಬಾಯಿ ಬಿಟ್ಟರು. ಸೇತುರಾಮನೂ ಬಾಯಿ ಬಿಟ್ಟ. ಚೆಂಡು ಎತ್ತರಕ್ಕೆ ಎದ್ದು ನನ್ನ ಹಣೆಗೇ ಬಂತು. ಗೋಲು.

ನಮ್ಮವರು ಕುಣಿದರು. ಮುದ್ದಯ್ಯನಪಾಳ್ಯದವರು ಅಲ್ಲಾಡಲಿಲ್ಲ. ಅವರ ಲೆಕ್ಕದಲ್ಲಿ ಚೆಂಡು ತಾನೇ ಓಡಿ, ತಾನೇ ಎದ್ದು, ನನ್ನ ತಲೆಗೆ ಬಡಿದಿತ್ತು.

"ಗಾಳಿ ಜೋರಾಗೈತೆ" ಎಂದ ತಿಮ್ಮರಾಯಪ್ಪ.

ಮತ್ತೆ ಮತ್ತೆ ಹೀಗೇ, ಇನ್ನೊಂದು ಗೋಲು ಮಾತ್ರ ಆಗಲಿಲ್ಲ. ಅವನು ಹೋದಲ್ಲೆಲ್ಲ ಎದುರಿನವರು ದಾರಿ ಬಿಡುತ್ತಿದ್ದರು. ಆ ಹಳ್ಳಿಯ ಸಂಬಂಧವೇ ಇಲ್ಲದ ಕತ್ರಿಗುಪ್ಪೆ ಹುಡುಗರೂ, ಬೋರಣ್ಣನಂಥವನೇ ಸರಿಯುತ್ತಾನಲ್ಲ, ಏನೋ ಇರಬೇಕು ಎಂದು ಸರಿಯತೊಡಗಿದರು. ಹಾಫ್ ಟೈಮಿನಲ್ಲಿ ಚಿಕ್ಕಬೈರಪ್ಪ ನಿಂಬೆಹೋಳನ್ನು ಬಾಯಿಗೆ ಇಡಲಿಲ್ಲ.

"ಬೀಳ್ಲಿಲ್ಲ" ಎಂದ.

"ಬೀಳೋದೇ ಬೇಡ ಗುರು, ಹಿಂಗೇ ಇರ್ಲಿ" ಎಂದೆ ನಾನು. ಅವನು ನನ್ನನ್ನು ನೋಡಿದ ನೋಟಕ್ಕೆ ಕೈಯಲ್ಲಿದ್ದ ಹೋಳು ತಣ್ಣಗಾಯಿತು.

ಎರಡನೇ ಅರ್ಧದಲ್ಲಿ ಅವನು ಚೆಂಡು ತೆಗೆದುಕೊಂಡು ಗೋಲಿನ ಮುಂದಕ್ಕೇ ಬಂದ. ಎದುರಿಗೆ ಬೋರಣ್ಣ, ಅವನ ಹಿಂದೆ ಗೋಲಿ. ಗೋಲಿಯೂ ಕಂಬ ಹಿಡಿದು ಬೇರೆ ಕಡೆ ನೋಡುತ್ತಿದ್ದ. ಒಂದು ಒದೆ ಒದ್ದರೆ ಕಪ್ಪು ನಮ್ಮದು.

ಒದೆಯಲಿಲ್ಲ. ಚೆಂಡನ್ನು ಬೋರಣ್ಣನ ಕಾಲಿಗೆ ತಾಗುವಷ್ಟು ಹತ್ತಿರ ನಿಲ್ಲಿಸಿ, ಕೈ ಇಳಿಬಿಟ್ಟು ನಿಂತ.

"ಹೊಡಿಯೋ!" ಎಂದು ಕಿರುಚಿದೆ. ನಮ್ಮ ಕಡೆಯವರೆಲ್ಲ ಕಿರುಚಿದರು. ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು. ಧೂಳು ಕೆಳಕ್ಕೆ ಇಳಿಯದೆ ಹಾಗೇ ನಿಂತಿತ್ತು. ಎಲ್ಲರ ನೆರಳೂ ಉದ್ದವಾಗಿ ಒಂದೇ ಕಡೆಗೆ ಬಿದ್ದಿದ್ದವು. ಅವನದೂ ಇದೆಯೇ ಎಂದು ಗಂಗಾಧರಯ್ಯನವರು ಕನ್ನಡಕ ಒರೆಸಿಕೊಂಡು ಹುಡುಕುತ್ತಿದ್ದರು. ರೆಫ್ರಿ ಆಗಿದ್ದ ಡ್ರಿಲ್ ಮೇಷ್ಟ್ರು ಸೀಟಿಯನ್ನು ತುಟಿಗೆ ಇಟ್ಟರು, ತೆಗೆದರು. ನಿಂತ ಚೆಂಡಿಗೂ ನಿಂತ ಮನುಷ್ಯನಿಗೂ ಸೀಟಿ ಊದುವ ರೂಲು ಅವರಿಗೆ ನೆನಪಾಗಲಿಲ್ಲ.

ಸೇತುರಾಮ ಮೈದಾನದೊಳಗೆ ನುಗ್ಗಿದ. "ದಿವಂಗತ ಚಿಕ್ಕಬೈರಪ್ಪನವರೇ, ದಯವಿಟ್ಟು ಹೊಡೀರಿ, ನನ್ನ ಮರ್ಯಾದೆ ಪ್ರಶ್ನೆ!"

"ಬೋರಣ್ಣ, ತೆಗಿಯೋ ಚೆಂಡ!" ಕತ್ರಿಗುಪ್ಪೆ ಕ್ಯಾಪ್ಟನ್ ಕೂಗಿದ.

"ಎಲ್ಲೈತೆ?" ಬೋರಣ್ಣನ ಮುಖದಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ನಿನ್ನ ಎದುರ್ಗೇ ಐತಲ್ಲೋ!"

"ನನ್ನ ಎದುರ್ಗೆ ಯಾರೂ ಇಲ್ಲ ಕಣಣ್ಣ."

ಚಿಕ್ಕಬೈರಪ್ಪ ಮೆಲ್ಲಗೆ ಮಾತಾಡಿದ. ಮೈದಾನವೆಲ್ಲ ಕೇಳಿಸುವಷ್ಟು ನಿಶ್ಶಬ್ದವಿತ್ತು. "ಬೋರ, ಹುಣಿಸೆಕಾಯಿ ಕದಿಯಕ್ಕೋಗಿ ಮರದಿಂದ ಬಿದ್ದು ನಿನ್ ಹಲ್ಲು ಮುರೀತು. ಹಸು ಒದೀತು ಅಂತ ಮನ್ಯಾಗೆ ಯೋಳ್ದೆ. ನಾನು ಇವತ್ತಿನ್ ಗಂಟ ಯಾರ್ಗೂ ಯೋಳ್ಲಿಲ್ಲ."

"ಹಸೂನೇ ಒದ್ದಿದ್ದು ಕಣೋ!" ಎಂದ ಬೋರಣ್ಣ.

ಅಂದ ಮೇಲೆ ಅವನಿಗೆ ತಾನು ಯಾರಿಗೆ ಉತ್ತರ ಕೊಟ್ಟೆ ಎಂಬುದು ತಿಳಿಯಿತು. ಮುದ್ದಯ್ಯನಪಾಳ್ಯದ ಕಡೆಯಿಂದ ಬಾವಿಗೆ ಕಲ್ಲು ಬಿದ್ದಂಥ ಒಂದು ಉಸಿರು ಬಂತು. ಬೋರಣ್ಣ ಇನ್ನು ಉಳಿಸಿಕೊಳ್ಳುವುದು ಏನೂ ಇಲ್ಲವೆಂಬಂತೆ ತಲೆ ತಗ್ಗಿಸಿ ನುಗ್ಗಿದ. ಚೆಂಡು ಒಂದು ಕಡೆ, ಇಬ್ಬರೂ ಒಂದು ಕಡೆ. ಧೂಳಿನೊಳಗಿಂದ ನಗು ಕೇಳಿಸಿತು. ಚಿಕ್ಕಬೈರಪ್ಪನ ಮೊಣಕಾಲು ತರಚಿ ರಕ್ತ ಬರುತ್ತಿತ್ತು, ಅದನ್ನು ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿ ಹಿಡಿದು ನಗುತ್ತಿದ್ದ.

ನಾವೆಲ್ಲ ಅದನ್ನು ನೋಡುತ್ತ ನಿಂತಿದ್ದಾಗ ಕತ್ರಿಗುಪ್ಪೆಯವರು ಚೆಂಡು ತೆಗೆದುಕೊಂಡು ಹೋಗಿ ಗೋಲು ಹೊಡೆದರು. ನಾವು ಗೋಲನ್ನು ನೋಡಲು ತಿರುಗುವಷ್ಟರಲ್ಲಿ ಇನ್ನೊಂದನ್ನೂ ಹೊಡೆದರು. ಅವರಿಬ್ಬರು ಮಾತ್ರ ಚೆಂಡೇ ಇಲ್ಲದೆ ಮೂಲೆಯಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಕಪ್ಪು ಹೋಯಿತು. ನಮ್ಮ ಸೀನು ಇದ್ದಿದ್ದರೆ ಹೀಗಾಗುತ್ತಿತ್ತೇ ಎಂದು ಸತ್ಯಭಾಮಾ ಅವರು ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ.

ರಕ್ತ ನೋಡಿದ ಮೇಲಾದರೂ ತಿಮ್ಮರಾಯಪ್ಪ ತಮ್ಮನನ್ನು ಕೂಗಿ ಕರೆಯುತ್ತಾನೆ ಎಂದುಕೊಂಡಿದ್ದೆವು. ಅವನು ಎದ್ದು ಪಂಚೆ ಕೊಡವಿದ. "ಬೋರಣ್ಣನೂ ಹೋದ" ಎಂದ. ಊರಿಗೆ ಊರೇ ಎದ್ದು ಇಬ್ಬರಿಗೂ ಬೆನ್ನು ತಿರುಗಿಸಿ, ಖಾಲಿ ರಸ್ತೆಯ ದೀಪಗಳ ಕೆಳಗೆ ಸಾಲಾಗಿ ನಡೆದುಹೋಯಿತು.

ಮುಂದಿನದನ್ನು ಅಭ್ಯಾಸಕ್ಕೆ ಬಂದಾಗಲೆಲ್ಲ ಚಿಕ್ಕಬೈರಪ್ಪನೇ ಹೇಳುತ್ತಿದ್ದ. ಬೋರಣ್ಣನ ಹೆಂಡತಿ ಗೌರಮ್ಮ ಒಂದೇ ರಾತ್ರಿ ತಡೆದುಕೊಂಡಳಂತೆ. "ಗಂಡ ಸತ್ತವ್ನೆ ಅಂದ್ರೆ ನಾನು ಬಳೆ ಒಡ್ಕಬೇಕು. ನೆನ್ನೆ ತೊಟ್ಟಿರೋ ಬಳೆ! ಒಡ್ಕಂಡ್ರೆ ನಿಮ್ಮಪ್ಪ ತಂದ್ಕೊಡ್ತಾನಾ?" ಎಂದು ತಿಮ್ಮರಾಯಪ್ಪನ ಮುಖಕ್ಕೇ ಅಂದು, ಗಂಡನ ಎದುರಿಗೆ ಕುಳಿತು ಬಡಿಸಿದಳು. ಅವಳೂ ಹೋದಳು. ಮಗಳನ್ನು ಮಾತಾಡಿಸದೆ ಇರಲಾರದೆ ಅವಳ ತಂದೆ ಹೋದ. ಅವನ ಎತ್ತನ್ನು ಹೂಡಲು ಕೇಳಿದವನು ಹೋದ. ಗೌರಮ್ಮ ಒಲೆಗೆ ಕೆಂಡ ಕೊಟ್ಟ ಮೂರು ಮನೆಗಳು ಒಟ್ಟಿಗೇ ಹೋದವು. ಹೋದವರು ಹೋದ ಕಡೆ ಚೆನ್ನಾಗಿಯೇ ಇದ್ದರು. ಉತ್ತರು, ಬಿತ್ತರು, ಒಂದು ಮದುವೆಯನ್ನೂ ಮಾಡಿದರು. ಬದುಕಿದ್ದವರು ಬಾಗಿಲು ಹಾಕಿಕೊಂಡು ಆ ಮದುವೆಯ ವಾಲಗ ಕೇಳಿಸದ ಹಾಗೆ ಕುಳಿತಿದ್ದರು. ದಿನದಿನಕ್ಕೆ ಅವರೇ ಕಡಿಮೆಯಾದರು.

ಆಟದ ದೃಷ್ಟಿಯಿಂದ ಇದು ಸಂಘಕ್ಕೆ ತುಂಬಲಾರದ ನಷ್ಟ. ಈಗ ಎದುರಿನವರೆಲ್ಲ ಚಿಕ್ಕಬೈರಪ್ಪನ ಮೇಲೆ ಧಾರಾಳವಾಗಿ ಬೀಳುತ್ತಾರೆ, ಅವನು ಮುಕ್ಕಾಲು ಹೊತ್ತು ನೆಲದ ಮೇಲೇ ಇರುತ್ತಾನೆ. ನನಗೆ ಚೆಂಡಿಲ್ಲ. ಜಗಲಿಯಲ್ಲಿ ಮತ್ತೆ ಸಭೆ, ಮತ್ತೆ ಸೀನುವಿನ ಬೂಟು. ಗಂಗಾಧರಯ್ಯನವರು "ಸಾಯೋಕೆ ಮುಂಚೆ ಚೆನ್ನಾಗಿದ್ದ" ಎಂದುಬಿಟ್ಟು, ತಪ್ಪಾಯಿತೆಂದು ತಿದ್ದಿಕೊಳ್ಳಲು ಹೋಗಿ, ಹೇಗೆ ತಿದ್ದಬೇಕೆಂದು ತಿಳಿಯದೆ ಕಾಫಿ ಕುಡಿದರು. ಮುಂದಿನ ಮ್ಯಾಚಿಗೆ ಬೇರೆಯವರನ್ನು ನೋಡುತ್ತೇವೆ ಎಂದು ಅವನಿಗೆ ಹೇಳಿಬರಲು ನನ್ನನ್ನೂ ಸೇತುರಾಮನನ್ನೂ ಕಳಿಸಿದರು.

ನಾವು ಮುದ್ದಯ್ಯನಪಾಳ್ಯ ಮುಟ್ಟಿದಾಗ ಹೊತ್ತು ಮುಳುಗಿತ್ತು. ಬೇವಿನ ಮರದ ಕೆಳಗೆ ಊರೆಲ್ಲ ಸೇರಿತ್ತು. ಲಾಟೀನು, ನಗು, ಸೊಪ್ಪಿನ ಸಾರಿನ ವಾಸನೆ. ನಡುವೆ ಅಕ್ಕಯಮ್ಮ ಮಗನ ಎದುರಿಗೇ ಕುಳಿತು, ಅವನ ತಟ್ಟೆಗೆ ಕೈಯಾರೆ ಮುದ್ದೆ ಹಾಕುತ್ತಿದ್ದಳು. ಅವಳೂ ಹೋದಳು ಎಂದು ಆಗ ತಿಳಿಯಿತು.

ಈಚೆ ಜಗಲಿಯಲ್ಲಿ ತಿಮ್ಮರಾಯಪ್ಪ ಒಬ್ಬನೇ. ಹಗ್ಗ ಬಹಳ ಉದ್ದವಾಗಿ ಹೊಸೆದು ಹೊಸೆದು ಮೆಟ್ಟಿಲು ಇಳಿದು ಬೀದಿಗೆ ಬಂದಿತ್ತು. ದೀಪ ಹಚ್ಚಿರಲಿಲ್ಲ. ಸೇತುರಾಮನನ್ನು ಕಂಡವನೇ ಎದ್ದು ಹತ್ತಿರ ಬಂದು, ಪಿಸುಮಾತಿನಲ್ಲಿ ಕೇಳಿದ:

"ಬುದ್ದಿ, ನಾನು ನಿಮ್ಗೆ ಕಾಣ್ತಾ ಇವ್ನಾ?"

ಸೇತುರಾಮ ಒಂದು ಹೆಜ್ಜೆ ಹಿಂದೆ ಸರಿದ. "ಕಾಣ್ತೀರಿ, ಕಾಣ್ತೀರಿ."

"ಹಂಗಾರೆ ಅವ್ರ್ಗೆ ಸ್ವಲ್ಪ ಯೋಳಿ."

ಹೇಳಬೇಕಾಗಲಿಲ್ಲ. ಮರದ ಕೆಳಗಿಂದ ಚಿಕ್ಕಬೈರಪ್ಪ ನೋಡಿದ್ದ. ಅವನು ಕೈ ತೊಳೆದು, ಎದ್ದು, ಚೆಂಡನ್ನು ಮೆಲ್ಲಗೆ ಒದ್ದ. ಅದು ಕತ್ತಲಲ್ಲಿ ಸದ್ದಿಲ್ಲದೆ ಉರುಳಿಕೊಂಡು ಬಂದು ತಿಮ್ಮರಾಯಪ್ಪನ ಕಾಲ ಹತ್ತಿರ ನಿಂತಿತು. ನಗು ನಿಂತಿತು. ಲಾಟೀನಿನ ಬೆಳಕಿನಲ್ಲಿ ಊರಿನ ಅಷ್ಟೂ ಮುಖಗಳು ಒಟ್ಟಿಗೆ ನಮ್ಮ ಕಡೆ ತಿರುಗಿದವು.

ತಿಮ್ಮರಾಯಪ್ಪ ಚೆಂಡನ್ನು ನೋಡಿದ. ಹೊಲದ ಕಡೆ ನೋಡಿದ. ಮತ್ತೆ ಚೆಂಡನ್ನು ನೋಡಿದ. ಆಮೇಲೆ ಪಂಚೆ ಎತ್ತಿ ಕಟ್ಟಿ ಒದ್ದ.

ಬಹಳ ಕೆಟ್ಟ ಒದೆ. ನಮ್ಮ ಸೀನುವೇ ವಾಸಿ. ಆದರೂ ಚೆಂಡು ತಡವರಿಸಿಕೊಂಡು ಮರದ ಕೆಳಗೆ ಹೋಗಿ ಮುಟ್ಟಿತು, ಅವನೂ ಅದರ ಹಿಂದೆಯೇ ಹೋಗಿ, ತಾಯಿಯ ಪಕ್ಕ ಸರಿದು ಕೊಟ್ಟ ಜಾಗದಲ್ಲಿ ಕುಳಿತ. ಅವನಿಗೂ ಒಂದು ಮುದ್ದೆ ಹಾಕಿದರು. ಸಾರು ಸುಡುತ್ತಿತ್ತೆಂದು ಕಾಣುತ್ತದೆ, ಊದಿಕೊಂಡ.

ಅಲ್ಲಿಗೆ ಮುದ್ದಯ್ಯನಪಾಳ್ಯದಲ್ಲಿ ಬದುಕಿದ್ದವರು ಯಾರೂ ಉಳಿಯಲಿಲ್ಲ.

"ಬನ್ನಿ ಸಾರ್, ಉಣ್ಣಾನ" ಎಂದು ಅವರೆಲ್ಲ ಕೈ ಬೀಸಿ ಕರೆದರು. ಸೇತುರಾಮ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ. ನನಗೂ ಹಸಿವಾಗಿತ್ತು.